ಕಾರಿಗೂ ಕಣ್ಣಿಗೂ ಮಣ್ಣು

ಗಂಡಸಿನ ಕೀರ್ತಿಗೆ ಈ ಲೋಕದಲ್ಲಿ ಒಬ್ಬಳೇ ಶತ್ರು: ಬಕೆಟ್ಟು ಹಿಡಿದ ಹೆಂಡತಿ. ಯುದ್ಧಕ್ಕೂ ಕ್ಷಾಮಕ್ಕೂ ಜಗ್ಗದೆ ನಿಂತ ಎಷ್ಟೋ ಕೀರ್ತಿಗಳು ಒಂದು ಹಿಡಿ ಸೋಪಿನ ಪುಡಿಗೆ ಹೇಳಹೆಸರಿಲ್ಲದೆ ಕರಗಿಹೋಗಿವೆ. ಪೆನ್ಹೇಲ್ ಊರಿನ ನಿವೃತ್ತ ಕಾರ್ಪೆಟ್ ವ್ಯಾಪಾರಿ ಮರ್ವಿನ್ ಟ್ರೆಲೋರ್ ಈ ಸತ್ಯವನ್ನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ತನ್ನ ಮನೆಯ ಮುಂದಿನ ಹುಲ್ಲಿನ ಮೇಲೆ, ಕಾರಿಗೂ ಹೆಂಡತಿಗೂ ನಡುವೆ ಎರಡೂ ಕೈ ಚಾಚಿ ನಿಂತು ಸ್ವತಃ ಕಂಡುಕೊಂಡ.

ಕಾರು ಮೂಲತಃ ಬಿಳಿಯದು. ಆದರೆ ಅದು ಪೂರ್ವಾಶ್ರಮದ ಮಾತು. ಈಗ ಅದು ಚಕ್ರದ ಬುಡದಿಂದ ನೆತ್ತಿಯವರೆಗೆ ಕಾವಿ ತೊಟ್ಟ ಸನ್ಯಾಸಿಯಂತೆ ನಿಂತಿತ್ತು. ಮುಂದಿನ ಗಾಜಿನಲ್ಲಿ ವೈಪರ್ ಗೀಚಿದ ಎರಡು ಅರ್ಧಚಂದ್ರಗಳ ಹೊರತು ಬೇರೆಲ್ಲಿಯೂ ಅದಕ್ಕೆ ಪ್ರಪಂಚದ ಸಂಪರ್ಕವಿರಲಿಲ್ಲ.

"ಮರ್ವ್, ಆ ಕಾರು ತೊಳೀತೀಯೋ, ಇಲ್ಲಾ ಅದರ ಮೇಲೆ ಕುಂಬಳಬೀಜ ನೆಡ್ಲೋ?" ಎಂದಳು ನೊರೀನ್.

"ಅದು ಕೊಳೆ ಅಲ್ಲ ಕಣೇ. ಅದು ಊಡ್ನಡಾಟ."

"ಊಡ್ನಡಾಟ ಇರೋದು ಉತ್ತರದಲ್ಲಿ. ನಮ್ಮನೆ ಹುಲ್ಲಿನ ಮೇಲೆ ಅದಕ್ಕೇನು ಕೆಲಸ?"

"ಇನ್ನೊಂದು ವಾರ ಇರ್ಲಿ, ನೊರೀನ್. ಜನ ನೋಡ್ತಿದಾರೆ."

"ಅದಕ್ಕೇ ತೊಳಿ ಅಂತಿರೋದು."

ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ತಾಮ್ರದ ಗಣಿಗಳು ಬತ್ತಿ, ಗೋಧಿ ಹೊಲಗಳೂ ಕೊಲ್ಲಿಯ ಗಾಳಿಯೂ ಉಳಿದಿದ್ದ ಆ ಪುಟ್ಟ ಊರಿನಲ್ಲಿ ಒಬ್ಬ ಮನುಷ್ಯ ಊಡ್ನಡಾಟದ ಮರಳುಗಾಡಿನ ದಾರಿಯನ್ನು ದಾಟಿ ಬಂದನೆಂದರೆ ಅವನಿಗೆ ಪದಕ ಕೊಡುವವರಿಲ್ಲ, ಹಾರ ಹಾಕುವವರಿಲ್ಲ. ಅವನ ಕಾರಿನ ಕೆಂಪು ಧೂಳೇ ಪದಕ. ಅದನ್ನು ತೊಳೆಯದೆ ಪೇಟೆಯಲ್ಲಿ ಎರಡು ಸುತ್ತು ಹೊಡೆಯುವುದು, ಬಿಯರು ಮಾರುವ ಹೋಟೆಲಿನ ಬಾಗಿಲಿಗೆ ಎದುರಾಗಿಯೇ ನಿಲ್ಲಿಸುವುದು, ಯಾರಾದರೂ ಕೇಳಿದರೆ "ಹೂಂ, ಹೋಗ್ಬಂದೆ ಸುಮ್ನೆ" ಎಂದು ಆಕಳಿಸುವುದು ಅಲ್ಲಿನ ಶಿಷ್ಟಾಚಾರ. ಧೂಳು ತೊಳೆದವನು ಹೋಗಿಯೇ ಇಲ್ಲವೆಂದು ಲೆಕ್ಕ.

ಮರ್ವಿನನಿಗಾದರೋ ಅದು ಬರಿಯ ಪದಕವಲ್ಲ, ಪಾಪವಿಮೋಚನೆ. ನೊರೀನಳ ತಂದೆ ಆ ದಾರಿಯಲ್ಲಿ ಟಪಾಲು ಲಾರಿ ಓಡಿಸಿದವನು. ಅವನ ನಂತರ ಅವಳ ಅಣ್ಣ ಕ್ಲ್ಯಾರಿ ಓಡಿಸಿದವನು. ಮರ್ವಿನ್ ಮದುವೆಗೆ ಮುಂಚೆ ಮೊದಲ ಸಲ ಭಾವೀ ಮಾವನ ಮನೆಗೆ ಹೊರಟಾಗ, ಡಾಂಬರು ರಸ್ತೆ ಎಲ್ಲಿ ಮುಗಿಯಿತೋ ಅಲ್ಲಿಯೇ ಕಾರು ನಿಲ್ಲಿಸಿ, ಕರೆದೊಯ್ಯಲು ಬನ್ನಿ ಎಂದು ಹೇಳಿಕಳುಹಿಸಿ, ಬಿಸಿಲಲ್ಲಿ ಕೊಡೆ ಹಿಡಿದು ಕುಳಿತಿದ್ದ. (ಹೊಸ ಕಾರು, ಹೊಸ ಬಣ್ಣ, ಕಲ್ಲು ಸಿಡಿದರೇನು ಗತಿ?) ಕರೆದೊಯ್ಯಲು ಬಂದವನು ಕ್ಲ್ಯಾರಿ. ಅಂದಿನಿಂದ ಮರ್ವಿನನಿಗೆ ಆ ಮನೆಯಲ್ಲಿ ಬೇರೆ ಹೆಸರು ಬಿತ್ತು: ಡಾಂಬರು.

ಮದುವೆಯ ಊಟದ ಭಾಷಣದಲ್ಲಿ ಕ್ಲ್ಯಾರಿ ಆ ಹೆಸರನ್ನು ಲೋಕಾರ್ಪಣೆ ಮಾಡಿದ. ಪ್ರತಿ ಕ್ರಿಸ್‌ಮಸ್ಸಿನ ಊಟದಲ್ಲಿ ಅದಕ್ಕೆ ಹೊಸ ಜೀವ ತುಂಬಿದ. "ಡಾಂಬರಿಗೆ ಇನ್ನೊಂದು ತುಂಡು ಹಂದಿಮಾಂಸ ಹಾಕಿ, ಪಾಪ, ದೂರದಿಂದ ಬಂದಿದಾನೆ, ಅದೂ ಎಲ್ಲಾ ಕಡೆ ನುಣುಪು ರಸ್ತೆ." ಹೆಸರು ಮನೆಯಿಂದ ಬೀದಿಗೆ, ಬೀದಿಯಿಂದ ಅಂಗಡಿಗೆ ಬಂತು. ಟ್ರೆಲೋರ್ ಕಾರ್ಪೆಟ್ಸ್ ಎಂಬ ಬಂಗಾರದ ಅಕ್ಷರಗಳ ಕೆಳಗೆ ನಿಂತು ಗಿರಾಕಿಗಳು, "ಡಾಂಬರಣ್ಣ ಇದಾರಾ?" ಎಂದು ಕೇಳುವಂತಾಯಿತು.

ಹೀಗಿರಲಾಗಿ, ಅಂಗಡಿ ಮಾರಿದ ಮರುವಸಂತದಲ್ಲಿ ಮರ್ವಿನ್ ಘೋಷಿಸಿದ: ತಾನು ಊಡ್ನಡಾಟ ದಾರಿಯನ್ನು ಒಬ್ಬನೇ ದಾಟುವೆನು. ದೊಡ್ಡ ಕಾರು ಬಂತು, ಎರಡು ಬಿಡಿ ಚಕ್ರ ಬಂದವು, ಸಲಿಕೆ ಬಂತು, ಅಗಲ ಅಂಚಿನ ಟೋಪಿ ಬಂತು. ನೊರೀನ್ ದಾರಿಗೆಂದು ಮಾಂಸ ತುಂಬಿದ ಪ್ಯಾಸ್ಟಿ ಕಡುಬುಗಳನ್ನು ಮಾಡಿಕೊಟ್ಟಳು. ವೀರನು ಹೊರಟ. ಹತ್ತು ದಿನದ ಮೇಲೆ ಕೆಂಪು ಕಾರಿನಲ್ಲಿ ಹಿಂದಿರುಗಿದ.

ನಡುವೆ ನಡೆದದ್ದನ್ನು ಮರ್ವಿನ್ ಯಾರಿಗೂ ಹೇಳಿರಲಿಲ್ಲ. ನಮ್ಮ ನಿಮ್ಮಲ್ಲಿಯೇ ಇರಲಿ.

ಡಾಂಬರು ಮುಗಿಯುವ ಜಾಗದವರೆಗೆ ಅವನು ನಿಜವಾಗಿಯೂ ಹೋದ. ಅಲ್ಲೊಂದು ಫಲಕವಿತ್ತು: ಮುಂದೆ ನೀರಿಲ್ಲ, ಪೆಟ್ರೋಲಿಲ್ಲ, ನೆರವಿಲ್ಲ. ಫಲಕದ ಪಕ್ಕದಲ್ಲಿ ಮಗುಚಿ ಬಿದ್ದ ಹಳೆಯ ಕಾರೊಂದರ ಅಸ್ಥಿಪಂಜರ. ಅದರ ಮೇಲೆ ಒಂದು ಕಾಗೆ. ಕಾಗೆ ಮರ್ವಿನನನ್ನು ನೋಡಿತು. ಕಸಾಯಿಯವನು ಕುರಿಯನ್ನು ನೋಡುವ ಹಾಗಲ್ಲ. ಊಟಕ್ಕೆ ಕುಳಿತವನು ಬಡಿಸುವವನನ್ನು ನೋಡುವ ಹಾಗೆ, ಬಹಳ ತಾಳ್ಮೆಯಿಂದ. ಮರ್ವಿನ್ ಕಾರು ತಿರುಗಿಸಿದ. ಮಿಕ್ಕ ದಿನಗಳನ್ನು ಸಮುದ್ರ ತೀರದ ಒಂದು ಬಿಡಾರದಲ್ಲಿ, ಹುರಿದ ವೈಟಿಂಗ್ ಮೀನು ಮತ್ತು ಆಲೂಗಡ್ಡೆಯ ಸಹವಾಸದಲ್ಲಿ ಕಳೆದ. ಮರಳುಗಾಡಿನಲ್ಲಿ ಫೋನು ಸಿಗುವುದಿಲ್ಲವೆಂಬುದು ಲೋಕಪ್ರಸಿದ್ಧವಾದ್ದರಿಂದ ಮನೆಗೆ ಸುಳ್ಳು ಹೇಳುವ ಪ್ರಮೇಯವೂ ಬರಲಿಲ್ಲ. (ಮನುಷ್ಯ ಸ್ವಭಾವತಃ ಸತ್ಯವಂತನೇ, ಸುಳ್ಳು ಹೇಳುವ ಅಗತ್ಯ ಬಾರದಿದ್ದರೆ ಸಾಕು.)

ಹಿಂದಿರುಗುವ ದಿನ, ಊರಿನ ಅಂಚಿನಲ್ಲಿ, ಟೆನ್ನಿಸ್ ಕ್ಲಬ್ಬಿನ ಶೆಡ್ಡಿನ ಹಿಂದೆ ಅವನ ಕಣ್ಣಿಗೆ ಒಂದು ರಾಶಿ ಬಿತ್ತು. ಚಳಿಗಾಲದುದ್ದಕ್ಕೂ ಅಂಕಣಗಳಿಂದ ಗುಡಿಸಿ ಒಟ್ಟಿದ್ದ ಕೆಂಪು ಹುಡಿಮಣ್ಣು. ಆಸುಪಾಸಿನಲ್ಲಿ ನರಪಿಳ್ಳೆಯಿರಲಿಲ್ಲ, ನಲ್ಲಿಯಿತ್ತು, ಬಕೆಟ್ಟಿತ್ತು, ಮರ್ವಿನನ ಬಳಿ ಅಗಲವಾದ ಬಣ್ಣದ ಬ್ರಷ್ಷಿತ್ತು. ಊಡ್ನಡಾಟದ ಪ್ರವಾಸದಲ್ಲಿ ಕೊನೆಗೆ ಉಳಿದದ್ದು ಆಟವೊಂದೇ.

ಮೊದಲ ಎರಡು ವಾರ ಸ್ವರ್ಗಸುಖ. ಹೋಟೆಲಿನಲ್ಲಿ ಅವನು ಉಕ್ಕಿದ ಹಳ್ಳ ದಾಟಿದ ಕಥೆ ಹೇಳಿದ; ಕಾಡು ಒಂಟೆಗಳ ಹಿಂಡಿಗೆ ದಾರಿ ಬಿಟ್ಟುಕೊಟ್ಟ ಕಥೆ ಹೇಳಿದ. ಯಾರೂ ಡಾಂಬರು ಎನ್ನಲಿಲ್ಲ. ಮೂರನೆಯ ವಾರ ಟೆನ್ನಿಸ್ ಅಂಕಣಗಳನ್ನು ನೋಡಿಕೊಳ್ಳುವ ಪ್ಯಾಸ್ಕೋ, ಬಿಯರಿನ ನೊರೆ ಒರೆಸಿಕೊಳ್ಳುತ್ತ, ಏನೂ ಅರಿಯದವನಂತೆ ಕೇಳಿದ:

"ಒಳಗೆ ಹೇಗಿದೆ, ಮರ್ವ್?"

"ಯಾವ ಒಳಗೆ?"

"ಕಾರಿನೊಳಗೆ ಕಣಯ್ಯ. ನಾನು ಅಲ್ಲಿಗೆ ಹೋಗಿ ಬಂದು ವರ್ಷಗಟ್ಟಲೆ ಆಯ್ತು. ಇವತ್ತಿಗೂ ಫ್ಯಾನ್ ಹಾಕಿದ್ರೆ ಮುಖಕ್ಕೆ ಧೂಳು ಉಗೀತದೆ. ಆ ಹುಡಿಗೆ ಬಾಗ್ಲು ಗೀಗ್ಲು ಲೆಕ್ಕ ಇಲ್ಲ. ನನ್ನ ಹೆಂಡ್ತಿ ಸಕ್ಕರೆ ಡಬ್ಬಿ ಮುಚ್ಚಳ ಬಿಗಿಯಾಗೇ ಹಾಕಿದ್ಲು. ಒಳಗೆ ಸಕ್ಕರೆಗಿಂತ ಅದೇ ಜಾಸ್ತಿ."

ಮರ್ವಿನ್ ಅರ್ಧ ಬಿಯರನ್ನು ಬಿಟ್ಟು ಎದ್ದ. ಅವನ ಕಾರಿನೊಳಗೆ ಧೂಳೇ ಇರಲಿಲ್ಲ. ಅಂಗಡಿಯಿಂದ ತಂದ ದಿನದ ಸುವಾಸನೆ ಇತ್ತು; ಅದರ ಮೇಲೆ ಸ್ವಲ್ಪ ಹುರಿದ ಮೀನಿನ ವಾಸನೆ ಇತ್ತು.

ಅದೇ ಸಂಜೆ ಫೋನು ಬಂತು. ಕ್ಲ್ಯಾರಿಯ ಧ್ವನಿ ಲಾರಿಯ ಎಂಜಿನ್ನನ್ನು ಮೀರಿಸಲೆಂದೇ ಬೆಳೆದದ್ದು. ಫೋನನ್ನು ಕಿವಿಯಿಂದ ಮೊಳ ದೂರ ಹಿಡಿದರೆ ಸರಿಯಾಗಿ ಕೇಳಿಸುತ್ತಿತ್ತು.

"ಏನೋ ಡಾಂಬರು, ಊಡ್ನಡಾಟ ದಾಟಿದ್ಯಂತೆ?"

"ಹೂಂ ಭಾವ, ಹೋಗ್ಬಂದೆ ಸುಮ್ನೆ."

"ಭಾನುವಾರ ಬರ್ತೀನಿ, ನೋಡ್ಬೇಕು ನಾನು. ಕಾರು ತೊಳೀಬೇಡ."

"ಹೊರಗಡೆ ಮುಟ್ಟಿಲ್ಲ ಭಾವ. ಒಳಗಡೆ ಮಾತ್ರ ನೊರೀನ್ ಒರೆಸ್ಬೇಕು ಅಂತಿದಾಳೆ."

"ಒರೆಸ್ಲಿ ಬಿಡು. ಹೊರಗಡೆ ಧೂಳು ಯಾವ ಕತ್ತೆ ಬೇಕಾದ್ರೂ ಬಳ್ಕೊಂಡು ಬರ್ಬಹುದು. ನಾನು ನೋಡೋದು ಬಾಗಿಲ ರಬ್ಬರಿನ ಹಿಂದೆ, ಸೀಟ್ ಬೆಲ್ಟಿನ ಬುಡದಲ್ಲಿ, ಗಾಳಿ ಬರೋ ತೂತಲ್ಲಿ. ಅಲ್ಲಿ ಕೂತಿದ್ದು ದೇವರೇ ಬಂದು ತಿಕ್ಕಿದ್ರೂ ಹೋಗಲ್ಲ. ಅಲ್ಲಿ ಕೆಂಪು ಕಂಡ್ರೆ, ಊರಿನ ಎದುರಿಗೇ ಹೇಳ್ತೀನಿ, ಇನ್ನು ನಿನ್ನ ಡಾಂಬರು ಅನ್ನಲ್ಲ ಅಂತ. ಕಾಣದಿದ್ರೆ..."

ಕ್ಲ್ಯಾರಿ ನಕ್ಕ. ಫೋನಿಟ್ಟ ಮೇಲೂ ಆ ನಗು ಗೋಡೆಗಳಲ್ಲಿ ಸ್ವಲ್ಪ ಹೊತ್ತು ಓಡಾಡಿತು.

ಇತ್ತ ನೊರೀನಳ ಅವಸರಕ್ಕೂ ಅದೇ ಭಾನುವಾರ ಕಾರಣ. ಅಂದು ಬೇಸಗೆಯ ಟೆನ್ನಿಸ್ ಋತುವಿನ ಆರಂಭೋತ್ಸವ. ಅವಳು ಕ್ಲಬ್ಬಿನ ಅಧ್ಯಕ್ಷೆ. "ಹೊರಗೆ ಬೇಕಾದ್ರೆ ಕ್ಲ್ಯಾರಿ ನೋಡೋವರೆಗೆ ಹಾಗೇ ಇರ್ಲಿ," ಎಂದಳು. "ಒಳಗೆ ಮಾತ್ರ ಫಳಫಳ ಅನ್ನಬೇಕು. ನಾನು ಬಿಳೀ ಬಟ್ಟೆ ಹಾಕ್ಕೊಂಡು ಕೂರೋದು. ನಾಳೆ ನಾನೇ ಮಾಡ್ತೀನಿ."

"ಬೇಡ, ನಾನು ಮಾಡ್ತೀನಿ," ಎಂದ ಮರ್ವಿನ್.

ನೊರೀನ್ ತಿರುಗಿ ನೋಡಿದಳು. ಮದುವೆಯಾದಂದಿನಿಂದ ಆ ವಾಕ್ಯವನ್ನು ಅವಳು ಆ ಬಾಯಿಂದ ಕೇಳಿರಲಿಲ್ಲ. "ನೀನಾ?"

"ಕಾರ್ಪೆಟ್ಟಿನ ಎಳೆ ಎಳೆಯಿಂದ ಧೂಳು ತೆಗೆದವನು ಕಣೇ ನಾನು. ಸ್ವಂತ ಕಾರನ್ನ ಸ್ವಂತ ಕೈಯಲ್ಲೇ ಮಾಡ್ಬೇಕು. ಕೂದಲು ಸೀಳಿದಷ್ಟು ಸೂಕ್ಷ್ಮವಾಗಿ ಮಾಡ್ತೀನಿ, ನೋಡು."

"ಮಾಡು. ನೋಡ್ತೀನಿ," ಎಂದಳು ನೊರೀನ್. (ಹೆಂಗಸು "ನೋಡ್ತೀನಿ" ಎಂದಾಗ ಗಂಡಸು ಅದರ ಅರ್ಥವನ್ನು ನಿಘಂಟಿನಲ್ಲಿಯಾದರೂ ನೋಡಬೇಕಾಗಿತ್ತು.)

ಶನಿವಾರ ಅವಳು ಉತ್ಸವದ ಸಿದ್ಧತೆಗೆ ಕ್ಲಬ್ಬಿಗೆ ಹೋದೊಡನೆ ಮರ್ವಿನ್ ಗ್ಯಾರೇಜಿನ ಬಾಗಿಲು ಹಾಕಿಕೊಂಡ. ಅವನ ಮುಂದಿದ್ದ ಸಮಸ್ಯೆ ಸಾಮಾನ್ಯದ್ದಲ್ಲ. ಕಾರಿನ ಒಳಭಾಗ ಹೆಂಡತಿಯ ಬಿಳಿಯ ಬಟ್ಟೆಗೆ ನಿರ್ಮಲವಾಗಿರಬೇಕು. ಭಾವನ ಬೆರಳಿಗೆ ಕೆಂಪಾಗಿರಬೇಕು. ಕಂಡಲ್ಲಿ ಕೈಲಾಸ, ಕಾಣದಲ್ಲಿ ಮರಳುಗಾಡು. ಲೋಕದ ಜನರು ಕಾರಿನ ಸಂದುಗೊಂದುಗಳಿಂದ ಮಣ್ಣು ತೆಗೆಯಲು ಬಳಸುವ ಸಾಧನಗಳೇ ಅವನ ಮುಂದೆ ಸಾಲಾಗಿದ್ದವು: ಮೃದುವಾದ ಬ್ರಷ್ಷು, ಕಿವಿಗೆ ಹಾಕುವ ಹತ್ತಿಯ ಕಡ್ಡಿ, ಹಲ್ಲುಜ್ಜುವ ಬ್ರಷ್ಷು, ನೂಲಿನ ಬಟ್ಟೆ, ಅಂಗಡಿಯ ಕಾಲದ ಧೂಳು ಹೀರುವ ಯಂತ್ರ. ಕೆಲಸದ ದಿಕ್ಕು ಮಾತ್ರ ತಿರುಗುಮುರುಗು.

ಮಣ್ಣು ಮೊದಲೇ ಬಂದಿತ್ತು, ಅದೇ ರಾಶಿಯಿಂದ, ಒಂದು ಚೀಲ. ಅದರಲ್ಲಿ ಹರಳು ಬಹಳವಿದ್ದವು. ಮರಳುಗಾಡಿನ ಹುಡಿ ಗಂಧದ ಪುಡಿಯಂತಿರುತ್ತದೆಂದು ಅವನು ಕೇಳಿದ್ದ. ಆದ್ದರಿಂದ ಅಡುಗೆಮನೆಯಿಂದ ನೊರೀನಳ ಹಿಟ್ಟಿನ ಜರಡಿ ತಂದು ಸಾಣಿಸಿದ. ಹರಳು ಮೇಲೆ ನಿಂತವು. ಹುಡಿಯ ಜೊತೆಗೆ ಏನೋ ನವಿರಾದ ಎಳೆಗಳೂ ಕೆಳಗಿಳಿದವು. ಅವು ಹೆಬ್ಬೆರಳಿಗೆ ಮೆತ್ತಗೆ ಹತ್ತಿದ್ದರಿಂದ ಅವನು ಇನ್ನಷ್ಟು ಒತ್ತಿ ಇಳಿಸಿದ. (ಓದುವ ಕನ್ನಡಕವನ್ನು ಧೂಳಾಗುತ್ತದೆಂದು ಕಳಚಿಟ್ಟಿದ್ದ.)

ಆಮೇಲೆ ಕಲೆ ಆರಂಭವಾಯಿತು. ಬಾಗಿಲ ರಬ್ಬರನ್ನು ಎರಡು ಬೆರಳಿನಿಂದ ಬಿಡಿಸಿ, ಹಿಂಬದಿಗೆ ಮದುವಣಗಿತ್ತಿಗೆ ಅರಿಶಿನ ಹಚ್ಚುವಂತೆ ಮಣ್ಣು ಹಚ್ಚಿದ. ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆದು, ಬುಡದಲ್ಲಿ ಉದುರಿಸಿ, ತಾನಾಗಿಯೇ ಸರ್ರೆಂದು ಒಳಸೇರಲು ಬಿಟ್ಟ. ಗುಂಡಿಗಳ ಸುತ್ತ ಹತ್ತಿಯ ಕಡ್ಡಿಯಿಂದ ಕಾಡಿಗೆ ತೀಡಿದಂತೆ ತೀಡಿದ. ಸೀಟಿನ ಹೊಲಿಗೆಗಳಲ್ಲಿ ಹಲ್ಲಿನ ಬ್ರಷ್ಷಿನಿಂದ ತುಂಬಿ, ಮೇಲ್ಮೈಯನ್ನು ಒದ್ದೆ ಬಟ್ಟೆಯಿಂದ ನಯವಾಗಿ ಒರೆಸಿದ. ಗಾಳಿಯ ತೂತುಗಳಿಗೆ ಒಂದು ಚಮಚ ಸಾಕಾಗಿತ್ತು. ಆದರೆ ಕಲಾವಿದನಿಗೆ ಸಾಕೆಂಬುದಿಲ್ಲ. ಹಳೆಯ ಯಂತ್ರದ ಕೊಳವೆಯನ್ನು ಹೀರುವ ಕಡೆಯಿಂದ ಊದುವ ಕಡೆಗೆ ಸಿಕ್ಕಿಸಿ, ಚೀಲದಲ್ಲಿ ಉಳಿದದ್ದಷ್ಟನ್ನೂ ಆ ತೂತುಗಳೊಳಕ್ಕೆ ಊದಿದ. ಒಂದು ಕಣವೂ ಹೊರಬರಲಿಲ್ಲ. ಎಷ್ಟು ಕೊಟ್ಟರೂ ನುಂಗುವ ಆ ಕತ್ತಲೆಯನ್ನು ಕಂಡು ಅವನಿಗೆ ಸಂತೋಷವೇ ಆಯಿತು.

ಕೊನೆಗೆ ಜರಡಿಯನ್ನು ತೊಳೆದು, ಒರೆಸಿ, ಎಲ್ಲಿತ್ತೋ ಅಲ್ಲಿಯೇ ತೂಗುಹಾಕಿದ. ಅಪರಾಧಿ ಎಂದರೆ ಹೀಗಿರಬೇಕು ಎಂದು ತನ್ನನ್ನು ತಾನೇ ಮೆಚ್ಚಿಕೊಂಡ.

ಸಂಜೆ ನೊರೀನ್ ಬಂದು ಬಾಗಿಲು ತೆರೆದು ನೋಡಿದಳು. ಸೀಟು ಫಳಫಳ, ಗಾಜು ಫಳಫಳ. "ಪರವಾಗಿಲ್ವೇ," ಎಂದಳು. "ತುಂಬಾ ಶ್ರಮ ಪಟ್ಟಿದೀಯ." ಅಷ್ಟೇ.

ಭಾನುವಾರ ಮಧ್ಯಾಹ್ನ ಕ್ಲ್ಯಾರಿ ಬಂದ. ಎಪ್ಪತ್ತು ದಾಟಿದರೂ ಬಾಗಿಲಿನಷ್ಟು ಅಗಲದ ಮನುಷ್ಯ. ಬಿಸಿಲು ಕುಡಿದು ಬೆಂದ ಮುಖ. ಚಹಾ ಕೂಡ ಕುಡಿಯದೆ ನೇರವಾಗಿ ಕಾರಿನ ಬಳಿಗೆ ನಡೆದ. ಹೊರಗಿನ ಮಣ್ಣಿನ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಬಾಗಿಲು ತೆಗೆದ, ರಬ್ಬರು ಬಿಡಿಸಿದ, ತೋರುಬೆರಳು ಎಳೆದ. ಬೆರಳು ಕೆಂಪಾಗಿ ಹೊರಬಂತು.



ಬೆಲ್ಟು ಎಳೆದ, ಬುಡದಿಂದ ಕೆಂಪು ಉದುರಿತು. ಕ್ಲ್ಯಾರಿ ಹುಬ್ಬೇರಿಸಿದ. ಆಮೇಲೆ ರಬ್ಬರಿನ ಹಿಂದಿನಿಂದ ಎರಡು ಉಗುರಿನಲ್ಲಿ ಏನನ್ನೋ ಮೆಲ್ಲಗೆ ಹಿಡಿದೆಳೆದು ಬಿಸಿಲಿಗೆ ಹಿಡಿದ. ಒಂದು ಸಣ್ಣ ಉಂಡೆ ಕೂದಲು. ಹಳದಿ ಮಿಶ್ರಿತ ಹಸಿರು.

"ಇದೇನೋ?"

ಮರ್ವಿನನಿಗೆ ಓದುವ ಕನ್ನಡಕವಿಲ್ಲದೆ ಕೂದಲೆಂಬುದಷ್ಟೇ ತಿಳಿಯಿತು. ಹೋಟೆಲಿನ ಕಥೆಗಳು ನೆರವಿಗೆ ಬಂದವು. "ಒಂಟೆ, ಭಾವ. ಒಂಟೆ ಕೂದಲು. ಬಾಗಿಲಿಗೇ ಮೈ ಉಜ್ಜಿತು ನೋಡು, ಪ್ರೀತಿಯಿಂದ."

"ಹಸಿರು ಒಂಟೆ?"

"ಹಸಿರಾ?" ಮರ್ವಿನ್ ಒಂದು ಕ್ಷಣ ಆಕಾಶವನ್ನು ನೋಡಿದ. "ಹೂಂ. ಈ ಸಲ ಆ ಕಡೆ ಮಳೆ ಚೆನ್ನಾಗಿ ಆಗಿತ್ತಲ್ಲ, ಭಾವ. ಮೇವು ಹುಲುಸಾಗಿತ್ತು."

ಕ್ಲ್ಯಾರಿ ಆ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮೆಟ್ಟಿಲ ಮೇಲೆ ಸ್ಕೋನ್ ಎಂಬ ಪುಟ್ಟ ಬನ್ನುಗಳ ತಟ್ಟೆ ಹಿಡಿದು ನಿಂತಿದ್ದ ನೊರೀನ್ ದೂರದ ಮರವೊಂದನ್ನು ವಿಶೇಷ ಆಸಕ್ತಿಯಿಂದ ನೋಡುತ್ತಿದ್ದಳು. ಕಡೆಗೆ ಕ್ಲ್ಯಾರಿ ತಲೆಯಾಡಿಸಿ, ಆ ಕೂದಲನ್ನು ಜೋಪಾನವಾಗಿ ಅಂಗಿಯ ಜೇಬಿಗೆ ಇಳಿಸಿಕೊಂಡ.

"ಸರಿ ಕಣಪ್ಪ, ಮರ್ವಿನ್," ಎಂದ.

ಮರ್ವಿನ್! ಆ ಬಾಯಿಂದ ಆ ಹೆಸರು. ಅವನ ಕಣ್ಣುಗಳು ತೇವವಾದವು. ಈ ಕ್ಷಣದಲ್ಲಿ ಪ್ರಾಣ ಹೋದರೂ ಸಮಾಧಿಯ ಕಲ್ಲಿನ ಮೇಲೆ ಸರಿಯಾದ ಹೆಸರು ಬರುತ್ತದೆಂದು ಅವನಿಗೆ ಧೈರ್ಯ ಬಂತು.

"ನಡೀರಿ, ಹೊತ್ತಾಯ್ತು," ಎಂದಳು ನೊರೀನ್. ಇಸ್ತ್ರಿಯ ಗೆರೆ ಮುರಿಯದ ಬಿಳಿಯ ಉಡುಪಿನಲ್ಲಿ, ಕೆನೆ ತುಂಬಿದ ಸ್ಕೋನ್‌ಗಳನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಳು. ಕುಳಿತವಳು, ಏಕೋ ಏನೋ, ದೊಡ್ಡದೊಂದು ಮೇಜುಬಟ್ಟೆಯನ್ನು ಬಿಡಿಸಿ ತನ್ನನ್ನೂ ತಟ್ಟೆಯನ್ನೂ ಗಲ್ಲದವರೆಗೆ ಹೊದಿಸಿಕೊಂಡಳು. ಕ್ಲ್ಯಾರಿ ಮುಂದೆ ಕುಳಿತ. ಅಂದು ಉತ್ತರದ ಬಿಸಿಗಾಳಿ. ಮರ್ವಿನ್ ಕಿಟಕಿ ಇಳಿಸಹೋದ.

"ಕಿಟಕಿ ಬೇಡ, ನನ್ನ ಕೂದಲು ಹಾಳಾಗತ್ತೆ," ಎಂದಳು ನೊರೀನ್ ಮೇಜುಬಟ್ಟೆಯೊಳಗಿಂದ.

"ಅಯ್ಯೋ, ಬೇಯ್ತಿದೀನಲ್ಲೋ. ತಂಪು ಗಾಳಿ ಇಲ್ವಾ ಇದ್ರಲ್ಲಿ?" ಎಂದ ಕ್ಲ್ಯಾರಿ.

"ಬೇಡ ಭಾವ, ಅದು..."

ಕ್ಲ್ಯಾರಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಟ್ಟಿದ್ದ.

ಮೊದಲು ಒಂದು ಕೆಮ್ಮು ಕೇಳಿಸಿತು, ಯಂತ್ರದ್ದು. ಆಮೇಲೆ ಊಡ್ನಡಾಟ ಬಂತು. ನಾಲ್ಕು ತೂತುಗಳಿಂದ, ಕಾಲಡಿಯಿಂದ, ಗಾಜಿನ ಬುಡದಿಂದ, ಶನಿವಾರ ಇಡೀ ನುಂಗಿದ್ದನ್ನು ಆ ಕಾರು ಬಡ್ಡಿಸಮೇತ ಹಿಂದಿರುಗಿಸಿತು. ಹಗಲು ಕೆಂಪಾಯಿತು, ರಸ್ತೆ ಕಾಣೆಯಾಯಿತು. ಮರ್ವಿನ್ ಕಣ್ಣು ಮುಚ್ಚಿ, ಬಾಯಿ ತೆರೆದು (ಇದು ಅವನ ಎರಡನೆಯ ತಪ್ಪು), ಅಂದಾಜಿನ ಮೇಲೆ ಬ್ರೇಕು ಒತ್ತಿದ. ಕಾರು ನಿಂತದ್ದು, ವಿಧಿಯ ಸಮಯಪ್ರಜ್ಞೆಗೆ ಏನೆನ್ನಬೇಕು, ಟೆನ್ನಿಸ್ ಕ್ಲಬ್ಬಿನ ಹೆಬ್ಬಾಗಿಲಲ್ಲಿ.

ಶ್ವೇತವಸ್ತ್ರಧಾರಿಗಳಾದ ಊರಿನ ಸಭ್ಯರು ಚಹಾದ ಬಟ್ಟಲು ಹಿಡಿದು ತಿರುಗಿ ನೋಡಿದರು. ಮುಂದಿನ ಎರಡು ಬಾಗಿಲುಗಳಿಂದ ಇಬ್ಬರು ಕೆಂಪು ಮನುಷ್ಯರು ಇಳಿದರು. ಹಿಂದಿನ ಬಾಗಿಲಿನಿಂದ ನೊರೀನ್ ಇಳಿದು, ಮೇಜುಬಟ್ಟೆಯನ್ನು ಮಡಿಸಿ ತೆಗೆದಳು. ಉಡುಪು ಹಾಲಿನಂತೆ ಬಿಳಿಯಾಗಿತ್ತು. ಸ್ಕೋನ್‌ಗಳ ಕೆನೆಯೂ.

ಪ್ಯಾಸ್ಕೋ ಹತ್ತಿರ ಬಂದ. ಮರ್ವಿನನ ಭುಜದಿಂದ ಒಂದು ಚಿಟಿಕೆ ತೆಗೆದು ಬೆರಳ ನಡುವೆ ಉಜ್ಜಿದ. ಕೆಂಪಿನ ನಡುವೆ ಸುಣ್ಣದ ಬಿಳಿಯ ಚೂರುಗಳು ಮಿನುಗಿದವು.

"ಇದು ನನ್ನ ಮಣ್ಣು," ಎಂದ. "ಗೆರೆ ಎಳೆದ ಸುಣ್ಣ ಇದೆ ನೋಡು. ರಾಶಿ ಕರಗ್ತಾ ಇತ್ತು. ಮೊಲ ಅಗೀತಿದೆ ಅಂತ ಬೋನು ಬೇರೆ ಇಟ್ಟಿದ್ದೆ."

"ಊಡ್ನಡಾಟದಲ್ಲೂ ಇಂಥದ್ದೇ..." ಎಂದು ಆರಂಭಿಸಿದ ಮರ್ವಿನ್. ಬಾಯಲ್ಲಿ ಮಣ್ಣಿದ್ದುದರಿಂದ ವಾಕ್ಯ ಮುಂದುವರಿಯಲಿಲ್ಲ. ಲೋಕದ ಕಣ್ಣಿಗೆ ಮಣ್ಣೆರಚಲು ಹೋದವನು ಮಣ್ಣುಮುಕ್ಕುವುದನ್ನು ಕಥೆಗಳಲ್ಲಿ ಕೇಳಿದ್ದೇವೆ. ಪೆನ್ಹೇಲಿನ ಜನ ಅಂದು ಕಣ್ಣಾರೆ ಕಂಡರು.

ಅಷ್ಟರಲ್ಲಿ ಕ್ಲ್ಯಾರಿ ಅಂಕಣದ ಅಂಚಿಗೆ ಹೋಗಿ ಬಗ್ಗಿ ಏನನ್ನೋ ಎತ್ತಿಕೊಂಡು ಬಂದ. ಜೇಬಿನಿಂದ ಆ ಹಸಿರು ಕೂದಲಿನ ಉಂಡೆಯನ್ನು ತೆಗೆದು ಪಕ್ಕದಲ್ಲಿ ಹಿಡಿದ. ಬಣ್ಣ ತಾಳೆಯಾಯಿತು. ಅಂಗೈಯಲ್ಲಿದ್ದದ್ದು ಒಂದು ಹಳೆಯ ಟೆನ್ನಿಸ್ ಚೆಂಡು.

"ಮರ್ವಿನ್," ಎಂದ, ಸಭೆಗೆಲ್ಲ ಕೇಳುವಂತೆ. "ನಲವತ್ತು ವರ್ಷ ಆ ದಾರೀಲಿ ಟಪಾಲು ಲಾರಿ ಹೊಡೆದೆ. ಒಂಟೆ ನೋಡಿದೀನಿ, ಒಂಟೆ ಮರಿ ನೋಡಿದೀನಿ. ನಿನ್ನ ಹಸಿರು ಒಂಟೆ ಮೊಟ್ಟೆ ಇಡತ್ತೆ ಅಂತ ಮಾತ್ರ ಗೊತ್ತಿರಲಿಲ್ಲ ಕಣಯ್ಯ."

ಸಭೆಯಲ್ಲಿ ಚಹಾ ಮೂಗಿಗೇರಿದವರು ಹಲವರು.

ಮನೆಗೆ ಬಂದ ಮೇಲೆ ಮರ್ವಿನ್ ಕೇಳಿದ, "ನಿನಗೆ ಯಾವಾಗ ಗೊತ್ತಾಯ್ತು?"

"ನೀನು ಬಂದ ದಿನವೇ. ಟಪಾಲು ಲಾರಿ ಮನೇಲಿ ಹುಟ್ಟಿದವಳು ನಾನು. ಬಾಗಿಲು ತೆಗೆದೆ, ಮೀನಿನ ವಾಸನೆ ಬಂತು. ಮರಳುಗಾಡಲ್ಲಿ ವೈಟಿಂಗ್ ಸಿಗಲ್ಲ."

"ಮತ್ತೆ ಶನಿವಾರದ್ದು?"

"ಜರಡಿ."

"ಜರಡಿ ತೊಳೆದಿಟ್ಟಿದ್ನಲ್ಲ, ನೊರೀನ್. ಒಂದು ಕಣ ಉಳಿಸಿರಲಿಲ್ಲ."

"ಅದೇ ಹೇಳ್ತಿರೋದು. ಈ ಮನೇಲಿ ನೀನು ತೊಳೆದ ಮೊದಲ ಪಾತ್ರೆ ಅದು. ಕೊಲೆ ಗಿಲೆ ಮಾಡಿದೀಯೇನೋ ಅಂತ ಹೆದರಿ ಗ್ಯಾರೇಜಿಗೆ ಓಡಿದೆ. ಚೀಲ ಅಲ್ಲೇ ಇತ್ತು."

"ಹೇಳ್ಬಹುದಿತ್ತಲ್ಲ."

"ಹೇಳ್ಬಹುದಿತ್ತು," ಎಂದು ಒಪ್ಪಿಕೊಂಡಳು ನೊರೀನ್. "ಆದ್ರೆ ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ್ದೀಯಲ್ಲ, ಹಾಳು ಮಾಡೋಕೆ ಮನಸ್ಸು ಬರಲಿಲ್ಲ. ಈಗ ಅಷ್ಟೇ ಶ್ರದ್ಧೆಯಿಂದ ತೆಗಿ. ಒಳಗೂ ಹೊರಗೂ. ಬರೋ ಚಳಿಗಾಲಕ್ಕೆ ಊಡ್ನಡಾಟಕ್ಕೆ ಹೋಗ್ತಿದೀವಿ, ನಾನು ಓಡಿಸ್ತೀನಿ. ಹಿಂದಕ್ಕೆ ಬಂದಾಗ ಯಾವುದು ಯಾರ ಮಣ್ಣು ಅಂತ ಗಲಾಟೆ ಆಗಬಾರದು."

ಆದಕಾರಣ ಅಂದಿನಿಂದ ಪ್ರತಿ ವಾರಾಂತ್ಯ ಮರ್ವಿನ್ ಟ್ರೆಲೋರ್ ಮನೆಯ ಮುಂದಿನ ಹುಲ್ಲಿನ ಮೇಲೆ, ಬೀದಿಗೆ ಬೆನ್ನು ಮಾಡಿ, ಅರ್ಧ ದೇಹ ಕಾರಿನೊಳಗಿಟ್ಟುಕೊಂಡು ಕಾಣಸಿಗುತ್ತಾನೆ. ಹತ್ತಿಯ ಕಡ್ಡಿಯಿಂದ ಗುಂಡಿಗಳ ಸುತ್ತ ಬಿಡಿಸುತ್ತಾನೆ. ಹಲ್ಲಿನ ಬ್ರಷ್ಷಿನಿಂದ ಹೊಲಿಗೆಗಳನ್ನು ಉಜ್ಜುತ್ತಾನೆ. ಫ್ಯಾನ್ ಹಾಕುತ್ತಾನೆ, ಸೀನುತ್ತಾನೆ, ಆರಿಸುತ್ತಾನೆ. ತೆಗೆದ ಮಣ್ಣನ್ನೆಲ್ಲ ಡಬ್ಬಿಯಲ್ಲಿ ತುಂಬಿ ಪ್ಯಾಸ್ಕೋಗೆ ಒಪ್ಪಿಸಿ ಬರಬೇಕೆಂಬುದು ಅಧ್ಯಕ್ಷೆಯ ಆದೇಶ. ಕ್ಲ್ಯಾರಿ ಹೇಳಿದ್ದು ಸುಳ್ಳಲ್ಲ. ಆ ಸಂದುಗಳಲ್ಲಿ ಕೂತದ್ದು ದೇವರೇ ಬಂದು ತಿಕ್ಕಿದರೂ ಹೋಗುವುದಿಲ್ಲ. ಮರ್ವಿನನ ಕೈಗೆ ಹೇಗೆ ಹೋದೀತು?

ಒಂದು ಮಾತನ್ನು ಮಾತ್ರ ನ್ಯಾಯವಾಗಿ ಹೇಳಲೇಬೇಕು. ಅವನು ಯಾವುದಕ್ಕಾಗಿ ಇಷ್ಟೆಲ್ಲ ಹೆಣಗಿದನೋ ಅದು ಕೈಗೂಡಿತು. ಆ ಭಾನುವಾರದಿಂದ ಇಂದಿನವರೆಗೆ ಪೆನ್ಹೇಲಿನಲ್ಲಿ ಒಬ್ಬನೇ ಒಬ್ಬ ಮನುಷ್ಯ ಅವನನ್ನು ಡಾಂಬರು ಎಂದು ಕರೆದಿಲ್ಲ. ಬೀದಿಯಲ್ಲಿ ಹೋಗುವವರು ಬೇಲಿಯ ಬಳಿ ನಿಂತು, ಕ್ಷೇಮಸಮಾಚಾರ ವಿಚಾರಿಸುವ ದನಿಯಲ್ಲಿ ಕೇಳುತ್ತಾರೆ:

"ಏನು ಹಸಿರೊಂಟೆಯವರೇ, ಈ ಸಲ ಮೇವು ಹೇಗಿದೆ?"

ಕಾರಿನೊಳಗೆ ಮರ್ವಿನ್ ಬ್ರಷ್ಷು ನಿಲ್ಲಿಸಿ, ಡಾಂಬರು ಎಂಬುದು ಎಂಥ ನುಣುಪಾದ, ಗೌರವಸ್ಥ ಹೆಸರಾಗಿತ್ತೆಂದು ಒಂದು ಕ್ಷಣ ನೆನೆಯುತ್ತಾನೆ, ಮತ್ತೆ ಉಜ್ಜುತ್ತಾನೆ.